ನಡುಕ ಬಿಡಿಸುವ ಟೊಪ್ಪಿಗೆ

ಟೊಪ್ಪಿಗೆಯ ದೀಪ ಹಸಿರಾಯಿತು. ರೈಲು ಚಾಲಕ ಗುರುಸಿದ್ದಪ್ಪ ಅಂಗಡಿಯವರ ಕೈ ನಡುಗುವುದು ಈ ಸಲವೂ ನಿಂತಿತು. ಬೆಳಿಗ್ಗೆ ಹೊಳೆಕಟ್ಟಿ ತಿರುವಿನಲ್ಲಿ ಹುಲ್ಲಿನ ಹೊರೆ ಹೊತ್ತು ಹಳಿ ದಾಟುತ್ತಿದ್ದ ಹೆಂಗಸೊಬ್ಬಳು ಅವರ ಗಾಡಿಗೆ ಸಿಕ್ಕಿ ಸತ್ತಿದ್ದಳು. ಸಂಜೆ ಅವರು ಮತ್ತೆ ಗಾಡಿ ಹತ್ತಬಹುದು. ೨೦೬೦ರ ಹೊತ್ತಿಗೂ ಹೊಳೆಕಟ್ಟಿಗೆ ಒಂದು ಮೇಲ್ಸೇತುವೆ ಬಂದಿರಲಿಲ್ಲ. ಟೊಪ್ಪಿಗೆ ಮಾತ್ರ ಬಂದಿತ್ತು.

ಅದನ್ನು ಕಂಡುಹಿಡಿದವರು ಡಾಕ್ಟರ್ ವಾಸಂತಿ. ಘೋರವಾದದ್ದನ್ನು ಕಂಡಾಗ ಮಿದುಳು ಆ ನೆನಪಿಗೂ ಮೈಯ ಭಯಕ್ಕೂ ಗಂಟು ಹಾಕಿಬಿಡುತ್ತದೆ. ವರ್ಷಗಳಾದ ಮೇಲೂ ಒಂದು ಸದ್ದು ಸಾಕು, ಎದೆ ಹೊಡೆದುಕೊಳ್ಳುತ್ತದೆ, ನಿದ್ದೆ ಹಾರಿಹೋಗುತ್ತದೆ. ಟೊಪ್ಪಿಗೆಯ ಕಾಂತೀಯ ಮಿಡಿತಗಳು ಆ ಗಂಟನ್ನು ಕಡಿಯುತ್ತವೆ. ನೆನಪು ಉಳಿಯುತ್ತದೆ, ಸಂಕಟ ಉಳಿಯುವುದಿಲ್ಲ. ರೈಲು ಓಡಿಸುತ್ತಿದ್ದ ತಂದೆ ಇಂಥದೇ ಸಂಕಟಕ್ಕೆ ಕುಡಿದು ಕುಡಿದು ಸತ್ತದ್ದನ್ನು ವಾಸಂತಿ ಕಣ್ಣಾರೆ ಕಂಡಿದ್ದರು.

"ಈಗ ಹ್ಯಾಂಗದ್ರಿ, ಅಂಗಡಿಯವ್ರ?"

"ಏನೂ ಅನಸವಲ್ದ್ರಿ, ಮೇಡಂ. ಅದನ್ನ ಹೇಳಬೇಕಂತಿದ್ದೆ. ಮೊದಲ ಆ ತಿರುವು ಇನ್ನೂ ದೂರ ಇದ್ದಾಗನ ನಮ್ಮ ಕೈ ತಾನ ಹಾರ್ನಿಗೆ ಹೋಗ್ತಿತ್ತು. ಅಲ್ಲಿ ಒಮ್ಮೆ ಹೆಣ ಕಂಡವ್ರಿಗೆ ತಡಕೊಳ್ಳಾಕ ಆಗ್ತಿರಲಿಲ್ಲ. ಊರ ಮಂದಿನೂ ಅದನ್ನ ಕೇಳಿ ಹಳಿ ಬಿಟ್ಟು ಸರೀತಿದ್ರು. ಈಗ ಎಲ್ಲಾರಿಗೂ ಟೊಪ್ಪಿಗಿ ಹಾಕೀರಿ. ಹಳಿ ಬದಿಗೆ ಹಾರ್ನ್ ಹೊಡೀರಿ ಅನ್ನೋ ಬೋರ್ಡ್ ಬಂದ ಮ್ಯಾಲೇ ಹೊಡಿತೀವಿ. ಅಷ್ಟೊತ್ತಿಗೆ ತಡಾ ಆಗಿರ್ತದ."

ಕಾರಣವಿಲ್ಲದೆ ಹಾರ್ನ್ ಹೊಡೆಯುವುದು ರೋಗದ ಲಕ್ಷಣ ಎಂದವರು ವಾಸಂತಿಯವರೇ. ಅದು ನಿಂತಾಗ ಗೆದ್ದೆನೆಂದು ಆಸ್ಪತ್ರೆಗೆಲ್ಲ ಪೇಡೆ ಹಂಚಿದ್ದರು.

"ಮೊದಲೇ ಹೊಡೀಬೇಕಂತ ನಿಮಗ ಗೊತ್ತದಲ್ರಿ?"

"ಗೊತ್ತದ. ತಿರುವು ದಾಟಿದ ಮ್ಯಾಲೆ ನೆನಪಾಗ್ತದ. ನನ್ನ ನಡುಕ ನನಗ ವಾಪಸ್ ಕೊಡಾಕ ಬರ್ತದೇನ್ರಿ?"

"ಇಲ್ರಿ. ಕಡದದ್ದನ್ನ ಕೂಡಸಾಕ ಬರಂಗಿಲ್ಲ."

"ಆತು ಬಿಡ್ರಿ," ಎಂದು ಅವರು ಚೀಲ ಹೆಗಲಿಗೇರಿಸಿ ಹೊರಟರು. ಆ ಮುಖದಲ್ಲಿ ಬೇಸರದ ಎಳೆಯೂ ಇರಲಿಲ್ಲ. ವಾಸಂತಿಯವರಿಗೆ ಅದನ್ನು ನೋಡಲಾಗಲಿಲ್ಲ.

ಅವರು ಹೋದದ್ದೇ ತಡ, ವಾಸಂತಿಯವರ ಕೈ ನಡುಗತೊಡಗಿತು. ಕಾಣದ ಆ ಹೆಂಗಸು ಕಣ್ಣಿಗೆ ಕಟ್ಟಿದಂತಾಯಿತು. ಟೊಪ್ಪಿಗೆ ನಿಲ್ಲಿಸಬೇಕು, ಮೇಲಿನವರಿಗೆ ಈಗಲೇ ಹೇಳಬೇಕು ಎಂದು ಫೋನ್ ಎತ್ತಿಕೊಂಡರು. ಬೆರಳು ನಿಲ್ಲಲೊಲ್ಲದು. ಹೊರಗೆ ಬೆಂಚಿನ ಮೇಲೆ ಇನ್ನೊಬ್ಬ ಚಾಲಕ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದ. ಈ ಕೈಯಲ್ಲಿ ಅವನನ್ನು ಮುಟ್ಟುವುದು ಹೇಗೆ? ಮೊದಲು ಕೈ ಹತೋಟಿಗೆ ಬರಲಿ ಎಂದುಕೊಂಡು ಟೊಪ್ಪಿಗೆಯನ್ನು ತಾವೇ ಹಾಕಿಕೊಂಡು ಕುಳಿತರು.

ಕೈ ನಿಂತಿತು. ಎಲ್ಲವೂ ನೆನಪಿತ್ತು, ಯಾವುದಕ್ಕೂ ಅವಸರವಿರಲಿಲ್ಲ. ಮೇಲಿನವರಿಗೆ ನಾಳೆ ಹೇಳಿದರಾಯಿತು ಎಂದುಕೊಂಡು, ಬಾಗಿಲು ತೆರೆದು ಮುಂದಿನವನನ್ನು ಒಳಗೆ ಕರೆದರು.