ಎರಡನೇ ಭಾಗದ ಉಳಿದರ್ಧ

ರಾತ್ರಿ ಪಾಳಿ ಮುಗಿಸಿದ ನರ್ಸಿಗೆ ರೈಲಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೆ ಅದಕ್ಕಿಂತ ದೊಡ್ಡ ಭಾಗ್ಯ ಬೇರೆ ಇಲ್ಲ. ಅಂದು ಬೆಳಿಗ್ಗೆ ಶಹಾಬಾದದಲ್ಲಿ ಪ್ಯಾಸೆಂಜರ್ ಹತ್ತಿದ ಲುಂಬಿನಿಗೆ ಆ ಭಾಗ್ಯ ಸಿಕ್ಕಿತ್ತು. ಚಪ್ಪಲಿ ಬಿಚ್ಚಿ, ಕಾಲು ಮಡಚಿಕೊಂಡು, ದುಪಟ್ಟಾವನ್ನು ಮುಖದ ಮೇಲೆ ಎಳೆದುಕೊಂಡು ಕಿಟಕಿಯ ಸರಳಿಗೆ ತಲೆ ಆನಿಸಿದಳು. ನಾಲವಾರದ ಮನೆಗೆ ಇನ್ನೂ ಮುಕ್ಕಾಲು ಗಂಟೆಯ ದಾರಿ. ವಾಡಿಯಲ್ಲಿ ಗಾಡಿ ನಿಂತುಬಿಟ್ಟರೆ ಇನ್ನೂ ಹೆಚ್ಚು. ಎಷ್ಟು ತಡವಾದರೂ ಅವಳಿಗೆ ಬೇಸರವಿರಲಿಲ್ಲ. ನಿದ್ದೆ ಬಂದರೆ ಸಾಕಿತ್ತು.

ಬರಲಿಲ್ಲ. ಎದುರಿನ ಸೀಟಿನಲ್ಲಿ ಯಾರೋ ಮೊಬೈಲಿನಲ್ಲಿ ಸಿನಿಮಾ ಹಚ್ಚಿದ್ದರು.

"ಸ್ವಲ್ಪ ಸೌಂಡ್ ಕಮ್ಮಿ ಮಾಡ್ರಿ. ರಾತ್ರಿ ಪೂರಾ ಡ್ಯೂಟಿ ಮಾಡಿ ಬಂದೀನಿ" ಎಂದಳು, ದುಪಟ್ಟಾದೊಳಗಿಂದಲೇ.

"ಆತ್ರಿ, ಆತ್ರಿ. ಬಂದ್ ಮಾಡ್ತೀನ್ರಿ."

ಆ ದನಿ ಕಿವಿಗೆ ಬಿದ್ದದ್ದೇ ಅವಳ ನಿದ್ದೆ ಹಾರಿಹೋಯಿತು. ದುಪಟ್ಟಾದ ಅಂಚನ್ನು ಬೆರಳಷ್ಟು ಎತ್ತಿದಳು. ಮೊದಲು ಕಂಡದ್ದು ಮೊಬೈಲಿನ ಪರದೆ. ಬೆಟ್ಟದ ತುದಿಯಲ್ಲೊಂದು ಕಲ್ಲಿನ ಶಾಲೆ, ಅದರ ಸುತ್ತ ಚಾಪೆಗಳ ಮೇಲೆ ಕೂತು ಹಾರುತ್ತಿರುವ ಹುಡುಗ ಹುಡುಗಿಯರು. ಮಂತ್ರ ಕಲಿಸುವ ಶಾಲೆಯ ಆ ಸಿನಿಮಾ. ಅದೂ ಎರಡನೇ ಭಾಗ. ಇನ್ನಷ್ಟು ಎತ್ತಿದಳು. ಕನ್ನಡಕ, ಕಿವಿಯ ಹತ್ತಿರ ಒಂದೊಂದು ಬಿಳಿ ಕೂದಲು, ಅಂಗಿಯ ಜೇಬಿನ ಮೇಲೆ ಸೀಮೆಸುಣ್ಣದ ಪುಡಿ.

ಅಣವೀರ.

"ಲುಂಬಿನಿ?" ಎಂದನು ಅವನು. ಆಮೇಲೆ, "ನಿದ್ದಿ ಮಾಡ್ರಿ... ನಿದ್ದಿ ಮಾಡು" ಎಂದನು.

ಹನ್ನೆರಡು ವರ್ಷಗಳ ನಂತರ ಸಿಕ್ಕವನು ಆಡಿದ ಮಾತು ಅದು. ಅವಳಿಗೆ ನಗು ಬಂತು. ಆದರೆ ಮುಖದ ತುಂಬ ನಗುವಷ್ಟು ತ್ರಾಣ ಇರಲಿಲ್ಲ. ತುಟಿಯ ಒಂದು ಕೊನೆಯಲ್ಲಿ ಮಾತ್ರ ನಕ್ಕಳು.

ಇಬ್ಬರೂ ಶಹಾಬಾದದಲ್ಲಿ ಒಂದೇ ಕಾಲೇಜಿನಲ್ಲಿ ಡಿಗ್ರಿ ಓದಿದವರು. ಆ ಸಿನಿಮಾದ ಮೊದಲನೇ ಭಾಗವನ್ನು ಟಿ.ವಿ.ಯಲ್ಲಿ ಹಿಂದಿಯಲ್ಲಿ ನೋಡಿ ನೋಡಿ ಬಾಯಿಪಾಠ ಮಾಡಿದ್ದರು. ಎರಡನೇ ಭಾಗ ಊರಿನ ಟಾಕೀಸಿಗೆ ಬಂದಾಗ ಕ್ಲಾಸು ತಪ್ಪಿಸಿ ಇಬ್ಬರೇ ಮ್ಯಾಟಿನಿಗೆ ಹೋಗಿದ್ದರು. ಇಬ್ಬರೇ ಹೋದದ್ದು ಅದೇ ಮೊದಲು. ಕತ್ತಲಲ್ಲಿ ಅವನ ಮೊಣಕೈ ಅವಳ ಮೊಣಕೈಗೆ ತಾಗಿದ್ದು, ಇಬ್ಬರೂ ಅದನ್ನು ಹಿಂದಕ್ಕೆಳೆಯದೆ ಇದ್ದದ್ದು, ಪರದೆಯ ನೀಲಿ ಬೆಳಕಿನಲ್ಲಿ ಅವನು ಸಿನಿಮಾ ಬಿಟ್ಟು ಅವಳನ್ನೇ ನೋಡುತ್ತಿದ್ದದ್ದು, ಎಲ್ಲ ಇಂಟರ್ವಲ್‌ವರೆಗೆ. ಇಂಟರ್ವಲ್ ಆದ ಮೇಲೆ ಅವಳು ಆ ಟಾಕೀಸಿನಲ್ಲಿ ಇರಲಿಲ್ಲ. ಪರೀಕ್ಷೆ ಮುಗಿಯಿತು, ಅವನು ಬಿ.ಎಡ್.ಗೆ ಕಲಬುರಗಿಗೆ ಹೋದನು. ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ.

"ಇಷ್ಟು ವರ್ಷ ಚಿಂಚೋಳಿ ಕಡಿ, ಚಿಮ್ಮನಚೋಡದಾಗ ಇದ್ದೆ" ಎಂದನು ಅಣವೀರ. "ಈ ವರ್ಷ ನಾಲವಾರ ಹೈಸ್ಕೂಲಿಗಿ ಟ್ರಾನ್ಸ್‌ಫರ್ ಆತು. ಅವ್ವ ಶಹಾಬಾದದಾಗೇ ಇರ್ತಾಳಲ್ಲ, ದಿನಾ ಹೋಗಿ ಬರ್ತೀನಿ. ಶನಿವಾರ ಹುಡುಗರಿಗಿ ಒಂದು ಸಿನಿಮಾ ತೋರಸಬೇಕಂತ. ಅದಕ್ಕ ಮತ್ತೊಮ್ಮೆ ನೋಡಲಿಕತ್ತಿದ್ದೆ."

"ಕೊನಿಗಿ ಏನಾಗ್ತದ ಇದರಾಗ?"

"ನೀ ನೋಡೇ ಇಲ್ಲೇನು?"

"ಇಲ್ಲ."

ಅವನು ಮೊಬೈಲನ್ನು ಜೇಬಿಗೆ ಹಾಕಿಕೊಂಡನು. "ಹಂಗಾರ ಹೇಳಾಂಗಿಲ್ಲ. ನಾಳಿ ಮೊದಲಿಂದ ನೋಡಮು."

ಮರುದಿನ ಅವನು ಕಿಟಕಿಯ ಸೀಟನ್ನು ಕರವಸ್ತ್ರ ಹಾಕಿ ಹಿಡಿದಿದ್ದನು. ಇಯರ್‌ಫೋನಿನ ಒಂದು ತುದಿ ಅವಳಿಗೆ, ಇನ್ನೊಂದು ಅವನಿಗೆ. ಮಂತ್ರಶಾಲೆಯ ಗಂಟೆ ಹೊಡೆಯಿತು, ಮಕ್ಕಳು ಸಾಲಾಗಿ ನಿಂತರು, ಅಷ್ಟರಲ್ಲಿ ಲುಂಬಿನಿ ನಿದ್ದೆ ಹೋದಳು. ಎಚ್ಚರವಾದಾಗ ಪರದೆಯ ಮೇಲೆ ಮಕ್ಕಳು ಸಾಲಾಗಿ ಹಾಗೆಯೇ ನಿಂತಿದ್ದರು.

"ನೀ ಮುಂದ ನೋಡಲಿಲ್ಲ?"

"ಒಬ್ಬನೇ ಒಮ್ಮೆ ನೋಡೀನಿ. ಸಾಕಾಗೇದ."

ಹೀಗಾಗಿ ಆ ಸಿನಿಮಾ ಆಮೆಯ ಹಾಗೆ ಸಾಗಿತು. ಒಂದು ದಿನ ಇಷ್ಟು, ಒಂದು ದಿನ ಅಷ್ಟು. ಅವಳಿಗೆ ಹಗಲು ಪಾಳಿ ಬಿದ್ದ ವಾರ ಏನೂ ಇಲ್ಲ. ಶಾಲೆಯ ಶನಿವಾರ ಬಂದು ಹೋಯಿತು, ಮಕ್ಕಳೆಲ್ಲ ನೋಡಿ ಮರೆತೂ ಬಿಟ್ಟರು, ಇವರದ್ದು ಮಾತ್ರ ಮುಗಿಯಲಿಲ್ಲ.

ಕಾಲೇಜಿನ ದಿನಗಳಲ್ಲಿ ಬೆರಗು ಹುಟ್ಟಿಸಿದ್ದೆಲ್ಲ ಈಗ ಬೇರೆ ಥರ ಕಂಡಿತು. ಬೆಂಕಿ ಉಗುಳುವ ಹಾವು ರಬ್ಬರಿನ ಪೈಪಿನಂತಿತ್ತು. ಆಗ ಎಲ್ಲರೂ ಬೈದ, ಮಂತ್ರಶಾಲೆಯ ಸಿಡುಕು ಹೆಡ್‌ಮಾಸ್ತರನನ್ನು ನೋಡಿ ಅಣವೀರ ನಿಟ್ಟುಸಿರುಬಿಟ್ಟನು.

"ಪಾಪ, ಅವಗೂ ಏನೇನು ಡ್ಯೂಟಿ ಹಚ್ಯಾರೋ. ನನಗ ನೋಡು, ಪಾಠ ಮಾಡೋದು ಒಂದ ಬಿಟ್ಟು ಎಲ್ಲಾ ಮಾಡಸ್ತಾರ. ಊಟದಾಗ ಹುಡುಗರಿಗಿ ತತ್ತಿ ಹಂಚಿ ಮೊಬೈಲಿನಾಗ ಫೋಟೊ ಹಾಕು, ಮನಿ ಮನಿ ಸರ್ವೇ ಮಾಡು. ಸಂಜಿಗಿ ಮನಿಗಿ ಬಂದ್ರ ಮಾತಾಡಲಿಕ್ಕ ಬಾಯಿ ಬರಾಂಗಿಲ್ಲ."

ಲುಂಬಿನಿ ಮಾತ್ರ ಬೇರೊಬ್ಬಳನ್ನು ನೋಡುತ್ತಿದ್ದಳು. ಮಂತ್ರಶಾಲೆಯ ದವಾಖಾನೆಯಲ್ಲಿ, ಬಿಳಿ ಟೋಪಿ ಹಾಕಿಕೊಂಡು, ಮಾತೇ ಇಲ್ಲದೆ ಹಿಂದೆ ಓಡಾಡುವ ನರ್ಸು.

"ಇಷ್ಟು ಹುಡುಗರು ಚಾಪಿ ಮ್ಯಾಲಿಂದ ಬೀಳ್ತಾರ, ಕೈ ಮುರಕೋತಾರ. ಆದ್ರ ಸಾಲಿಗಿ ಇಕಿ ಒಬ್ಬಾಕಿನೇ. ಇಕಿ ಯಾವಾಗ ಮಲಗತಾಳ?"

ಅಣವೀರ ಜೋರಾಗಿ ನಕ್ಕನು. ಆಮೇಲೆ ನಗು ನಿಲ್ಲಿಸಿ ಅವಳ ಕಣ್ಣ ಕೆಳಗಿನ ಕಪ್ಪನ್ನು, ಸ್ಯಾನಿಟೈಸರಿಗೆ ಬಿರಿದ ಬೆರಳುಗಳನ್ನು ನೋಡಿದನು. ಅವನು ನೋಡುತ್ತಿರುವುದು ಗೊತ್ತಾಗಿಯೂ ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಕಿವಿ ಮಾತ್ರ ಬೆಚ್ಚಗಾಯಿತು.

ಒಂದು ಬೆಳಿಗ್ಗೆ ಸಿನಿಮಾ ಇಂಟರ್ವಲ್ಲಿನ ಜಾಗಕ್ಕೆ ಬಂತು. ಅಣವೀರ ಬೆರಳಿಟ್ಟು ನಿಲ್ಲಿಸಿದನು. ಹೊರಗೆ ಸಿಮೆಂಟ್ ಧೂಳು ಕೂತ ಬೇವಿನ ಗಿಡಗಳು ಹಿಂದೆ ಸರಿಯುತ್ತಿದ್ದವು.

"ಅವತ್ತು ಮುಂದಿನ ಸಾಲಿನಾಗ ನಮ್ಮ ಕಾಕಾ ಕುಂತಿದ್ದ" ಎಂದನು ಅವನು. "ತಿರುಗಿ ನೋಡಿದ. ನಾ ಎದ್ದು ಒಂದು ಸೀಟು ಆ ಕಡಿ ಹೋಗಿ ಕುಂತೆ. ಆಮ್ಯಾಲ ಸಮೋಸಾ ತಗೊಂಡು ಬಂದ್ರ ನೀ ಇಲ್ಲ. ಅದಕ್ಕೇ ಸಿಟ್ಟಾಗಿ ಹೋದಿ ಅನಕೊಂಡೆ. ಯಾವ ಮುಖ ಇಟಗೊಂಡು ಫೋನ್ ಮಾಡಲಿ?"

ಲುಂಬಿನಿ ಕಿವಿಯಿಂದ ಇಯರ್‌ಫೋನ್ ತೆಗೆದಳು.

"ಅವ್ವಗ ಲಕ್ವಾ ಹೊಡದಿತ್ತು. ಅಣ್ಣ ಫೋನ್ ಮಾಡಿದ. ಓಡಿ ಹೋದೆ."

"ಅಷ್ಟೇನಾ?" ಅವನ ದನಿಯಿಂದ ಹನ್ನೆರಡು ವರ್ಷದ ಭಾರ ಇಳಿದಂತಿತ್ತು.

"ಅಷ್ಟೇ. ಆದ್ರ ನೀ ಸರದು ಕುಂತಿದ್ದು ನಾ ನೋಡಿದ್ದೆ."

ಅವನು ತಲೆ ತಗ್ಗಿಸಿದನು. ಅವಳು ಸಿಟ್ಟಿನಿಂದ ಹೇಳಿರಲಿಲ್ಲ. ಸಿಟ್ಟು ಎಂದೋ ಆರಿಹೋಗಿತ್ತು. ಅವ್ವ ಅನಸುಬಾಯಿ ಹಾಸಿಗೆ ಹಿಡಿದು ಸುಮಾರು ಹತ್ತು ವರ್ಷ ಬದುಕಿದ್ದಳು. ಅವಳನ್ನು ಮಗ್ಗುಲು ಹೊರಳಿಸುತ್ತ, ಗಂಜಿ ಕುಡಿಸುತ್ತ, ನಡುವೆ ನರ್ಸಿಂಗ್ ಕಲಿತು, ಪಾಳಿಯ ಮೇಲೆ ಪಾಳಿ ಮಾಡುತ್ತ ಲುಂಬಿನಿಯ ಹರೆಯ ಕಳೆದಿತ್ತು. ಬಂದ ವರಗಳು ಕಾದು ಕಾದು ಹೋದವು. ಹೋದ ವರ್ಷ ಅವ್ವ ತೀರಿಕೊಂಡಾಗ ಅಳು ಬರುವುದಕ್ಕಿಂತ ಮೊದಲು ಅವಳಿಗೆ ನಿದ್ದೆ ಬಂದಿತ್ತು. ಆ ನಾಚಿಕೆಯನ್ನು ಅವಳು ಯಾರ ಮುಂದೆಯೂ ಆಡಿರಲಿಲ್ಲ. ಈಗ ಅಣವೀರನ ಮುಂದೆ ಹೇಳಿದಳು.

"ಅದರಾಗ ನಾಚಕೊಳ್ಳೋದು ಏನದ?" ಎಂದನು ಅವನು ಮೆಲ್ಲಗೆ. "ಹತ್ತು ವರ್ಷದ ನಿದ್ದಿ ಅದು."

ಅವ್ವ ಹೋದ ಮೇಲೆ ಸಮಾಧಾನಕ್ಕೆಂದು ಜನ ಆಡಿದ ಮಾತುಗಳಲ್ಲಿ ಇದೊಂದೇ ಅವಳ ಎದೆಗೆ ತಟ್ಟಿತು. ಮುಖ ಕಿಟಕಿಯ ಕಡೆ ತಿರುಗಿಸಿ ಕಣ್ಣೊರೆಸಿಕೊಂಡಳು.

ಉಳಿದರ್ಧ ಮುಗಿದದ್ದು ವಾಡಿಯಲ್ಲಿ, ಗಾಡಿ ಸಿಗ್ನಲ್ಲಿಗೆ ಕಾದು ನಿಂತಿದ್ದಾಗ. ಕೊನೆಗೆ ಆ ಶಾಲೆಯ ಮಂತ್ರವೆಲ್ಲ ಖರ್ಚಾಗಿಹೋಯಿತು. ಹೆಡ್‌ಮಾಸ್ತರ ಬಾಗಿಲಿಗೆ ಬೀಗ ಹಾಕಿದ, ಮಕ್ಕಳು ಚೀಲ ಹೊತ್ತು ಬೆಟ್ಟ ಇಳಿದರು. ಮೂರನೇ ಭಾಗಕ್ಕೆ ಕಾಯಿರಿ ಎಂಬ ಅಕ್ಷರ ಬಂತು. ಈ ಭಾಗ ಸರಿಯಾಗಿ ಓಡದ ಕಾರಣ ಮೂರನೇ ಭಾಗವನ್ನು ಯಾರೂ ತೆಗೆಯಲೇ ಇಲ್ಲ.

"ಇಷ್ಟೇನಾ?" ಎಂದಳು ಲುಂಬಿನಿ.

"ಇಷ್ಟೇ."

"ಇದಕ್ಕ ನಾ ಹನ್ನೆರಡು ವರ್ಷ ಪರೇಶಾನ್ ಆಗಿದ್ದೆನಾ?"

ಇಬ್ಬರಿಗೂ ನಗು ಬಂತು. ಎದುರಿನ ಅಜ್ಜಿ ಗಾಬರಿಯಾಗಿ ನೋಡುವಷ್ಟು ನಕ್ಕರು. ನಗು ಇಳಿದ ಮೇಲೆ ಅಣವೀರ ಇಯರ್‌ಫೋನಿನ ವೈರನ್ನು ಬೆರಳಿಗೆ ಸುತ್ತುತ್ತ ಕೇಳಿದನು.

"ನಾಳಿಂದ ಏನು ನೆಪ ಹೇಳಿ ನಿನ್ನ ಬಾಜು ಕುಂದ್ರಲಿ?"

ಅವಳಿಗೆ ಅರ್ಥವಾಯಿತು. ಅರ್ಥವಾಗದಂತೆ ನಟಿಸುವ ವಯಸ್ಸಾಗಲೀ ಶಕ್ತಿಯಾಗಲೀ ಅವಳಿಗಿರಲಿಲ್ಲ.

"ಅಣವೀರ, ನೀವು ಕೋಲಿ ಜಾತಿ ಮಂದಿ. ನಮ್ಮ ಮನಿಯಾಗ ಬುದ್ಧನ ಫೋಟೊ, ಬಾಬಾಸಾಹೇಬರ ಫೋಟೊ. ನಿಮ್ಮವ್ವ ಏನಂತಾಳ ನನಗ ಗೊತ್ತದ, ನಿನಗೂ ಗೊತ್ತದ. ಕಾಲೇಜಿನಾಗ ಇದ್ದಾಗ ಆಗಿದ್ರ ಜಗಳ ಮಾಡ್ತಿದ್ದೆ. ಈಗ ನನಗ ಭಾಳ ಸಾಕಾಗೇದ. ಜಗಳ ಮಾಡೋ ತಾಕತ್ತು ಇಲ್ಲ."

"ಜಗಳ ನಾ ಮಾಡ್ತೀನಿ" ಎಂದನು ಅಣವೀರ. "ನೀ ನಿದ್ದಿ ಮಾಡು."

ಮರುದಿನ ಅವನು ಗಾಡಿಯಲ್ಲಿರಲಿಲ್ಲ. ಮೊಬೈಲಿಗೆ ಒಂದು ಸಾಲು ಬಂದಿತ್ತು. 'ರಜಾ ಹಾಕೀನಿ. ಮನಿಯಾಗ ಹೇಳೀನಿ.' ಏನಂದರು ಎಂದು ಕೇಳಲು ಅವಳ ಬೆರಳು ಮುಂದಾಗಲಿಲ್ಲ. ಅದರ ಮರುದಿನವೂ ಅವನಿಲ್ಲ, ಅದರಾಚೆಯ ದಿನವೂ ಇಲ್ಲ. ಕಿಟಕಿಯ ಸೀಟು ಖಾಲಿಯೇ ಸಿಕ್ಕಿತು, ದುಪಟ್ಟಾ ಹೊದ್ದು ಕಣ್ಣು ಮುಚ್ಚಿದಳು. ದಿನವೂ ಒತ್ತಿಕೊಂಡು ಬರುತ್ತಿದ್ದ ನಿದ್ದೆ ಈಗ ಬರಲಿಲ್ಲ. ಇದೂ ಮುಗಿಯಿತು ಅಂದುಕೊಂಡಳು. ನೋಯಲೂ ಆಗದಷ್ಟು ದಣಿದಿದ್ದೇನೆ ಅಂದುಕೊಂಡಳು. ಅದು ಸುಳ್ಳೆಂದು ವಾಡಿ ಬರುವುದರೊಳಗೆ ಗೊತ್ತಾಯಿತು.

ಒಂದು ಬೆಳಿಗ್ಗೆ ಪಾಳಿ ಮುಗಿಯುವ ಹೊತ್ತಿಗೆ ಆಸ್ಪತ್ರೆಯ ಆಯಾ ನಜಮುನ್ನೀಸಾ ಬಂದು, "ಸಿಸ್ಟರ್, ವಯಸ್ಸಾದ ಆಯಿ ಒಬ್ಬಾಕಿ ಬಂದಾಳ. ಬಿ.ಪಿ. ನೀವೇ ನೋಡಬೇಕಂತ" ಎಂದಳು.

ಬೆಂಚಿನ ಮೇಲೆ ಕೂತವಳನ್ನು ನೋಡಿದ ಕೂಡಲೇ ಲುಂಬಿನಿಗೆ ತಿಳಿಯಿತು. ಮೂಗು, ಹಣೆ ಎಲ್ಲ ಅಣವೀರನದೇ. ಅವನ ತಾಯಿ ಹೀರಾಬಾಯಿ.

ಲುಂಬಿನಿ ಅವಳ ತೋಳಿಗೆ ಪಟ್ಟಿ ಕಟ್ಟಿ ಗಾಳಿ ತುಂಬಿದಳು. ತಾನು ಮುಟ್ಟಿದ ತೋಳು ಒಮ್ಮೆ ಬಿಗಿಯಾಗಿ, ಆಮೇಲೆ ಸಡಿಲವಾದದ್ದು ಅವಳ ಬೆರಳಿಗೆ ಗೊತ್ತಾಯಿತು.

"ಬಿ.ಪಿ. ಜಾಸ್ತಿ ಅದರಿ. ನಿದ್ದಿ ಆಗಿಲ್ಲೇನ್ರಿ?"

"ಎಲ್ಲಿ ನಿದ್ದಿ?" ಎಂದಳು ಹೀರಾಬಾಯಿ. "ನಾ ಉಣ್ಣೋದು ಬಿಟ್ಟೆ. ಅಂವ ಏನೂ ಅನಲಿಲ್ಲ. ತಾನೇ ರೊಟ್ಟಿ ಬಡದು ನನ್ನ ಮುಂದ ಇಡ್ತಾನ, ಬಾಜು ಕುಂದರತಾನ. 'ನೀ ಉಣ್ಣೋತನ ಸಾಲಿಗಿ ಹೋಗಾಂಗಿಲ್ಲ, ಅಕಿನ್ನೂ ಬಿಡಾಂಗಿಲ್ಲ' ಅಂತಾನ. ಆ ಸುಟ್ಟ ರೊಟ್ಟಿ ನೋಡಿ ನೋಡಿ ನನಗೂ ಸಾಕಾತು."

ಲುಂಬಿನಿ ಪಟ್ಟಿ ಬಿಚ್ಚಿದಳು.

"ನನ್ನ ಮನಸ್ಸು ಪೂರಾ ಒಪ್ಪೇದ ಅಂತ ತಿಳಕೋಬ್ಯಾಡ" ಎಂದಳು ಹೀರಾಬಾಯಿ, ಬಾಗಿಲ ಕಡೆ ನೋಡುತ್ತ. "ಹುಟ್ಟಿದಾಗಿನಿಂದ ತಲಿಯಾಗ ಕುಂತಿದ್ದು ಒಂದಿನದಾಗ ಹೋಗಾಂಗಿಲ್ಲ. ಆದ್ರ ಬ್ಯಾಡ ಅನ್ನೋ ತಾಕತ್ತು ನನಗ ಉಳಿದಿಲ್ಲ. ಹತ್ತು ವರ್ಷ ನಿಮ್ಮವ್ವನ ಸೇವಾ ಮಾಡೀಯಂತ, ಹೌದೇನು?"

"ಹೌದ್ರಿ. ಆದ್ರ ನಿಮ್ಮ ಸೇವಾ ಮಾಡ್ತೀನಂತ ಹೇಳಿ ಒಪ್ಪಸಾಂಗಿಲ್ಲ ನಾ."

ಹೀರಾಬಾಯಿ ತಟ್ಟನೆ ತಿರುಗಿ ನೋಡಿದಳು. ಲುಂಬಿನಿಯ ದನಿ ಏರಿರಲಿಲ್ಲ. ಬಿಚ್ಚಿದ ಪಟ್ಟಿಯನ್ನು ಮಡಚುತ್ತ ಮುಂದುವರಿಸಿದಳು.

"ಮದಿವಿ ಆದ್ರ ನಾವು ಬ್ಯಾರೆ ಮನಿ ಮಾಡ್ತೀವ್ರಿ, ವಾಡ್ಯಾಗ. ನಿಮಗ ಮನಸ್ಸಾದಾಗ ಬರ್ರಿ. ಬಂದ್ರ ನಾ ಮಾಡಿದ್ದು ಉಣಬೇಕು. ಉಣಲಿಕ್ಕ ಮನಸ್ಸಾಗಲಿಲ್ಲಂದ್ರ, ಮನಸ್ಸಾಗೋತನ ಬರಬ್ಯಾಡ್ರಿ. ನಾ ಸಿಟ್ಟಾಗಾಂಗಿಲ್ಲ. ಕಾಯ್ತೀನಿ."

ಹೀರಾಬಾಯಿ ಸೆರಗು ಸರಿಮಾಡಿಕೊಂಡು ಎದ್ದಳು.

"ಮಾತು ಖಡಕ್ ಅದ ನಿಂದು" ಎಂದಳು. "ಗುಳಿಗಿ ಏನರ ಕೊಡ್ತೀಯೋ, ಹಂಗೇ ಕಳಸ್ತೀಯೋ?"

ಮರುದಿನ ಬೆಳಿಗ್ಗೆ ಅಣವೀರ ಪ್ಲಾಟ್‌ಫಾರ್ಮಿನ ಮೇಲೆ ನಿಂತಿದ್ದನು. ಗಡ್ಡ ಬೆಳೆದಿತ್ತು, ಎರಡು ಬೆರಳಿಗೆ ರೊಟ್ಟಿಯ ಹಂಚು ತಾಗಿ ಬೊಕ್ಕೆ ಬಂದಿತ್ತು. ಗಾಡಿ ಹತ್ತಿ ಕೂತ ಮೇಲೆ ಲುಂಬಿನಿ ಮೊದಲು ಆ ಬೆರಳುಗಳನ್ನು ಹಿಡಿದು ನೋಡಿದಳು. ಪರ್ಸಿನಿಂದ ಮುಲಾಮು ತೆಗೆದು ಹಚ್ಚಿದಳು. ಹಚ್ಚಿ ಮುಗಿದ ಮೇಲೂ ಕೈ ಬಿಡಲಿಲ್ಲ.

"ಅವ್ವ ನಿನ್ನೆ ಉಂಡಳು" ಎಂದನು ಅವನು. "ಎಲ್ಲಿಗೋ ಹೋಗಿ ಬಂದಳು, ಬಂದಾಕಿನೇ ತಾನೇ ರೊಟ್ಟಿ ಮಾಡಿಕೊಂಡು ಉಂಡಳು. ಯಾಕಂತ ಕೇಳಿದ್ರ ಹೇಳವಲ್ಲಳು."

"ಹೇಳ್ತಾಳ, ಆಮ್ಯಾಲ ಹೇಳ್ತಾಳ."

"ಲುಂಬಿನಿ, ನನ್ನ ಮದಿವಿ ಆಗ್ತೀಯೇನು? ಧಾಮಧೂಮ ಏನೂ ಬ್ಯಾಡ. ನಿಮ್ಮ ಕಡಿ ಹ್ಯಾಂಗ ಮಾಡ್ತಾರೋ ಹಂಗೇ ಆಗಲಿ."

ಈ ಮಾತಿಗೆ ಮೈ ಜುಮ್ಮೆನ್ನಬೇಕೆಂದು ಕಾಲೇಜಿನ ದಿನಗಳಲ್ಲಿ ಅವಳು ಅಂದುಕೊಂಡಿದ್ದಳು. ಹಾಗೇನೂ ಆಗಲಿಲ್ಲ. ದಿನವೆಲ್ಲ ಹೊತ್ತ ಕೊಡವನ್ನು ಯಾರೋ ಹಿಂದಿನಿಂದ ಬಂದು ಇಳಿಸಿಕೊಂಡಂತೆ, ಕುತ್ತಿಗೆ ಮತ್ತು ಭುಜ ಹಗುರಾದವು.

"ಆಗ್ತೀನಿ" ಎಂದಳು. "ಖರೇನೇ ಆಗ್ತೀನಿ. ಆದ್ರ ಈಗ ಕಣ್ಣು ತೆರೀಲಿಕ್ಕ ಆಗವಲ್ಲದು."

ಅವನ ಭುಜಕ್ಕೆ ತಲೆ ಇಟ್ಟಳು. ವಾಡಿ ಬಂದದ್ದು, ಹೋದದ್ದು ಅವಳಿಗೆ ಗೊತ್ತಾಗಲಿಲ್ಲ.

ಕಣ್ಣು ಬಿಟ್ಟಾಗ ಬಿಸಿಲು ಚೆನ್ನಾಗಿ ಏರಿತ್ತು. ಗಾಡಿ ದೊಡ್ಡದೊಂದು ಸ್ಟೇಷನ್ನಿನಲ್ಲಿ ನಿಂತಿತ್ತು. ಕಿಟಕಿಯ ಹೊರಗೆ ಹಳದಿ ಫಲಕದ ಮೇಲೆ ಯಾದಗಿರಿ ಎಂದಿತ್ತು.

"ನಾಲವಾರ?"

"ಹೋತು."

"ಎಬ್ಬಸಲಿಲ್ಲ ಯಾಕ? ನಿನ್ನ ಸಾಲಿ?"

"ಹೆಡ್‌ಮಾಸ್ತರಗ ಫೋನ್ ಮಾಡೀನಿ. ಬೈದರು." ಅಣವೀರ ಜೋಮು ಹಿಡಿದ ತೋಳನ್ನು ತಿಕ್ಕಿಕೊಳ್ಳುತ್ತ ನಕ್ಕನು. "ಅಷ್ಟು ಚಂದ ಮಲಗಿದ್ದಿ, ಎಬ್ಬಸಲಿಕ್ಕ ಮನಸ್ಸಾಗಲಿಲ್ಲ. ಇಳೀ, ಚಾ ಕುಡಿಯಮು. ವಾಪಸ್ ಗಾಡಿಗಿ ಇನ್ನಾ ಭಾಳ ಹೊತ್ತದ."

ಲುಂಬಿನಿ ಚಪ್ಪಲಿ ಮೆಟ್ಟಿದಳು. ಎಷ್ಟೋ ವರ್ಷಗಳ ನಂತರ ಅವಳಿಗೆ ಎಲ್ಲಿಗೂ ಹೋಗುವ ಗಡಿಬಿಡಿ ಇರಲಿಲ್ಲ.