ನನ್ನ ಮಾತು ಕದ್ದು ಕೇಳ್ತಿರೋದು ಯಾರು?

"ನಾನೇನು ಬಾವಿಯೊಳಗೆ ಕೂತು ಓದಿದ್ದೀನಾ, ಮೇಡಂ?"

ಬಾಗಿಲು ತಟ್ಟದೆಯೇ ಒಳಗೆ ಬಂದವನ ಕೈಯಲ್ಲಿ ಅವಳೇ ಬರೆದ ಚೀಟಿ ಇತ್ತು. 'ಹನ್ನೊಂದೂ ಅಧ್ಯಾಯ ಬಾವಿಯೊಳಗಿಂದ ಓದಿದ ಹಾಗಿದೆ. ಮತ್ತೆ ಓದಿಸಿ.'

ಅವಳು ತಲೆಯೆತ್ತಿದಳು. ಮುಖ ಹೊಸದು. ಆದರೆ ಆ ಧ್ವನಿ... ತಿಂಗಳಿನಿಂದ ಅವಳ ಕಿವಿಯಲ್ಲೇ ಮನೆ ಮಾಡಿಕೊಂಡಿತ್ತು!

ಪುಸ್ತಕಗಳನ್ನು ಓದಿಸಿ ಧ್ವನಿಮುದ್ರಿಸುವ ಆ ಸ್ಟುಡಿಯೋದಲ್ಲಿ ಅವನು ಓದುವವನು. ಅವಳು ಅದನ್ನು ಕೇಳಿ ತಪ್ಪು ಹುಡುಕುವವಳು. ಎಲ್ಲರೂ ಅವಳನ್ನು 'ಕಿವಿ ಮೇಡಂ' ಎನ್ನುತ್ತಿದ್ದರು. ಓದುವವರು ಬೆಳಿಗ್ಗೆ, ಕೇಳುವವಳು ಮಧ್ಯಾಹ್ನ. ಹಾಗಾಗಿ ಇಬ್ಬರೂ ಒಬ್ಬರನ್ನೊಬ್ಬರು ನೋಡಿಯೇ ಇರಲಿಲ್ಲ.

"ಇದು ನನ್ನ ಮೊದಲ ಪೂರ್ತಿ ಪುಸ್ತಕ. ಇವತ್ತು ಸಂಜೆ ಐದರೊಳಗೆ ನೀವು ಸರಿ ಅನ್ನದಿದ್ರೆ ಬೇರೆಯವರಿಗೆ ಕೊಡ್ತೀನಿ ಅಂದಿದ್ದಾರೆ ಮಾಲೀಕರು," ಎಂದ.

"ನಿಜ ಹೇಳಿ. ಇಲ್ಲೇ ಓದಿದ್ರಾ? ಇಲ್ಲಾ ಮನೇಲಿ ಫೋನ್ ಹಿಡ್ಕೊಂಡು ಓದಿ ಕಳಿಸಿದ್ರಾ?"

"ನನ್ನ ಮೇಲೆ ಅನುಮಾನಾನಾ?"

ಅವಳಿಗೆ ಯಾರ ಮೇಲೆ ಇರಲಿಲ್ಲ ಹೇಳಿ! ಅದಕ್ಕೆ ಕಾರಣವೂ ಇತ್ತು. ಮದುವೆ ನಿಶ್ಚಯವಾಗಿದ್ದವನು ಅವಳ ಫೋನಿಗೆ ಏನೋ ಹಾಕಿ, ನಾಲ್ಕು ತಿಂಗಳು ಅವಳ ಮಾತನ್ನೆಲ್ಲ ಕದ್ದು ಕೇಳಿದ್ದ. ಮದುವೆ ಮುರಿದು ಎರಡು ವರ್ಷವಾಗಿದ್ದರೂ, ಒಡಹುಟ್ಟಿದ ಅಕ್ಕನ ಎದುರಿನಲ್ಲೂ ಅವಳು ಪಾಸ್‌ವರ್ಡನ್ನು ಅಂಗೈ ಮರೆಮಾಡಿ ಒತ್ತುತ್ತಿದ್ದಳು.

ಅವನು ಬ್ಯಾಗಿನಿಂದ ವೈರಿನ ಹೆಡ್‌ಫೋನ್ ತೆಗೆದು ಅವಳ ಲ್ಯಾಪ್‌ಟಾಪಿಗೆ ಸಿಕ್ಕಿಸಿದ. "ಈಗ ಕೇಳಿ."

ಕೇಳಿದಳು. ಬಾವಿಯೂ ಇಲ್ಲ, ಡಬ್ಬವೂ ಇಲ್ಲ. ತಿಳಿಯಾಗಿತ್ತು!

'ನನ್ನ ಇಯರ್‌ಬಡ್ಡೇ ಕೆಟ್ಟಿರಬೇಕು' ಎಂದುಕೊಂಡು, ಇಷ್ಟು ದಿನ ಕೇಳುತ್ತಿದ್ದ ಆ ವೈರಿಲ್ಲದ ಇಯರ್‌ಬಡ್‌ಗಳನ್ನು ಫೋನಿಗೆ ಜೋಡಿಸಿದಳು. ಅಲ್ಲೂ ತಿಳಿಯಾಗಿಯೇ ಕೇಳಿಸಿತು. ಮತ್ತೆ ಲ್ಯಾಪ್‌ಟಾಪಿಗೆ ಜೋಡಿಸಿದರೆ... ಅದೇ ಬಾವಿ.

ಹಾಗಾದರೆ ತನ್ನ ಕಿವಿಯನ್ನು ನಂಬಿದವರಿಗೆ ಈಗ ಏನು ಹೇಳುವುದು? ಅವಳ ಅನ್ನವೇ ಆ ಕಿವಿಯಿಂದ ಬರುತ್ತಿತ್ತು.

ಅವನು ಯೋಚಿಸಿದ. "ಇಯರ್‌ಬಡ್‌ನ ಮೈಕ್ ಆನ್ ಆದ್ರೆ, ಲ್ಯಾಪ್‌ಟಾಪ್ ಅದನ್ನ ಫೋನ್ ಕಾಲ್ ಅಂದ್ಕೊಳ್ಳುತ್ತೆ. ಆಗ ಸೌಂಡ್ ಹೀಗೇ ಇಳಿದುಹೋಗುತ್ತೆ. ಅಂದ್ರೆ... ಯಾವುದೋ ಆ್ಯಪ್ ನಿಮ್ಮ ಮೈಕ್ ಬಳಸ್ತಿದೆ."

"ಏನು?!"

"ನೀವು ಮಾತಾಡೋದನ್ನ ಅದು ಕೇಳಿಸ್ಕೊಳ್ತಿದೆ, ಮೇಡಂ."

ಮತ್ತೆ ಅದೇ... ಮತ್ತೆ ಯಾರೋ...

"ಬಂದ ಹತ್ತೇ ನಿಮಿಷಕ್ಕೆ ನಿಮಗೆ ಹೇಗ್ರೀ ಗೊತ್ತಾಯ್ತು?" ಎಂದು ಚೀರಿದಳು. "ನೀವೇ ಏನಾದ್ರೂ ಹಾಕಿದ್ರಾ ಇದಕ್ಕೆ?"

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋನಲ್ಲ ನಾನು." ಅವನಿಗೂ ಸಿಟ್ಟು ಬಂದಿತ್ತು. ಆದರೆ ಅವಳು ಅಂಗೈಯಿಂದ ಪರದೆ ಮರೆಮಾಡಿದ್ದನ್ನು ಕಂಡು ದನಿ ತಗ್ಗಿಸಿದ. "ನಾನು ಮುಟ್ಟಲ್ಲ, ನೋಡೋದೂ ಇಲ್ಲ. ಸೆಟ್ಟಿಂಗ್ಸಲ್ಲಿ ಮೈಕ್ ಅಂತ ಇರುತ್ತೆ, ತೆಗೀರಿ. ಯಾವ ಆ್ಯಪ್ ಬಳಸ್ತಿದೆ ಅಂತ ಹೆಸರು ಬರೆದಿರುತ್ತೆ."

ಎಂದವನೇ ಬಾಗಿಲವರೆಗೂ ಹಿಂದೆ ಸರಿದು, ಗೋಡೆ ನೋಡುತ್ತ ನಿಂತ. ಎರಡು ವರ್ಷದಲ್ಲಿ ಅವಳ ಭಯಕ್ಕೆ ಇಷ್ಟು ಮರ್ಯಾದೆ ಕೊಟ್ಟವರು ಯಾರೂ ಇರಲಿಲ್ಲ.

ಅವಳು ಸೆಟ್ಟಿಂಗ್ಸ್ ತೆರೆದಳು. ಹೆಸರು ಸಿಕ್ಕಿತು. ಹೇಳಿದ್ದನ್ನು ಬರೆದುಕೊಳ್ಳುವ ಆ್ಯಪ್!

ಹೋದ ತಿಂಗಳು ಮಣಿಕಟ್ಟು ನೋವೆಂದಾಗ, "ಕೈ ಆಗದಿದ್ರೆ ಬಾಯಲ್ಲಿ ಬರಿಯೇ" ಎಂದು ಅಕ್ಕ ಹಾಕಿಕೊಟ್ಟಿದ್ದಳು. ಒಂದು ದಿನ ತಪ್ಪುಗಳನ್ನು ಅದಕ್ಕೇ ಹೇಳಿ ಬರೆಸಿ, ಮುಚ್ಚಿದೆ ಎಂದುಕೊಂಡಿದ್ದಳು. ಅದು ಪರದೆಯ ಮೂಲೆಗೆ ಹೋಗಿ ಕೂತು, ಅಂದಿನಿಂದ ಇಂದಿನವರೆಗೆ ಸ್ಟುಡಿಯೋದಲ್ಲೂ ಮನೆಯಲ್ಲೂ ಅವಳ ಪ್ರತಿಯೊಂದು ಮಾತನ್ನೂ ಬರೆದುಕೊಳ್ಳುತ್ತಲೇ ಇತ್ತು.

ಪುಟಗಟ್ಟಲೆ ಇತ್ತು... ಓದುತ್ತ ಓದುತ್ತ ಅವಳ ಮುಖ ಕೆಂಪಾಯಿತು.

"ಸಿಕ್ತಾ? ಯಾರು ಕದ್ದು ಕೇಳ್ತಿದ್ದಿದ್ದು?" ಗೋಡೆಯ ಕಡೆಯಿಂದಲೇ ಕೇಳಿದ.

"ಯಾರೂ ಅಲ್ಲ... ನಾನೇ ಮುಚ್ಚದೆ ಬಿಟ್ಟಿದ್ದು."

ಆ್ಯಪ್ ನಿಲ್ಲಿಸಿ ಇಯರ್‌ಬಡ್ ಹಾಕಿಕೊಂಡಳು. ಅವನ ಧ್ವನಿ ಉಸಿರಿನ ಸಮೇತ ಕಿವಿಗೆ ಬಂತು. ಇಯರ್‌ಬಡ್ ಕೈಕೊಟ್ಟಿತ್ತು ಎಂದರೆ ಯಾರೂ ಪ್ರಶ್ನಿಸುತ್ತಿರಲಿಲ್ಲ. ಆದರೂ ಮಾಲೀಕರಿಗೆ ಫೋನ್ ಮಾಡಿದಳು.

"ಸರ್, ತಪ್ಪು ನನ್ನದು. ಹನ್ನೊಂದೂ ಅಧ್ಯಾಯ ಸರಿಯಾಗಿವೆ. ಪುಸ್ತಕ ಅವರದ್ದೇ."

ಅವನು ತಿರುಗಿ ನೋಡಿದ. ಕಣ್ಣು ತುಂಬಿತ್ತು. "ನಿಮ್ಮ ಹೆಸರು ಕೆಡಿಸ್ಕೊಂಡ್ರಲ್ಲ..."

"ಅನುಮಾನ ಪಟ್ಟಿದ್ದಕ್ಕೆ ದಂಡ ಅಂದ್ಕೊಳ್ಳಿ."

ಹೇಳಬೇಕೋ ಬೇಡವೋ? ಆ ಪುಟಗಳನ್ನು ಅಳಿಸಿಬಿಟ್ಟರೆ ಮುಗಿಯಿತು. ಆದರೆ ಎಷ್ಟು ದಿನ ಹೀಗೆ ಎಲ್ಲವನ್ನೂ ಅಂಗೈ ಮರೆಯಲ್ಲಿಟ್ಟು ಬದುಕುವುದು?

ಲ್ಯಾಪ್‌ಟಾಪನ್ನು ಮೆಲ್ಲಗೆ ಅವನ ಕಡೆ ತಿರುಗಿಸಿದಳು.

"ಓದಿ."

ಬಾಗಿಲ ಬಳಿಯಿಂದ ಬಂದು, ಮೇಜಿಗೆ ಬಾಗಿ ನಿಂತು, ರೂಢಿಯಂತೆ ಗಟ್ಟಿಯಾಗಿಯೇ ಓದತೊಡಗಿದ.

"'ಪುಟ ನಲವತ್ತು, ಆರನೇ ಸಾಲು, ಉಸಿರು ಜಾಸ್ತಿ ಆಯ್ತು... ಅಯ್ಯೋ, ಬಾವಿಯೊಳಗಿಂದ ಓದಿದ್ರೂ ಎಷ್ಟು ಚೆನ್ನಾಗಿ ಓದ್ತಾನಪ್ಪಾ ಈ ಮನುಷ್ಯ... ಅಕ್ಕಾ, ಊಟ ಆಮೇಲೆ ಮಾಡ್ತೀನಿ, ಈ ಅಧ್ಯಾಯ ಇನ್ನೊಂದ್ಸಲ ಕೇಳ್ಬೇಕು... ತಪ್ಪೇನೂ ಇಲ್ಲ ಕಣೇ, ಸುಮ್ನೆ ಕೇಳ್ಬೇಕು...'"

ಓದುತ್ತಿದ್ದವನ ಧ್ವನಿ ಇದ್ದಕ್ಕಿದ್ದಂತೆ ನಿಂತಿತು.

"ಮುಂದಿನ ಸಾಲು ಬಿಟ್ರಿ," ಎಂದಳು, ತಲೆ ತಗ್ಗಿಸಿ.

"ಅದನ್ನ ಓದೋಕೆ ನನಗೆ ಧೈರ್ಯ ಸಾಲ್ತಿಲ್ಲ. ನೀವೇ ಹೇಳಿ."

ಅವಳು ಕಿವಿಯಿಂದ ಎರಡೂ ಇಯರ್‌ಬಡ್ ತೆಗೆದು ಮೇಜಿನ ಮೇಲಿಟ್ಟಳು.

"'ಒಂದು ದಿನ ಇವರು ನನ್ನೆದುರಿಗೇ ಕೂತ್ಕೊಂಡು, ನನಗೊಬ್ಬಳಿಗೇ ಅಂತ ಮಾತಾಡಿದ್ರೆ... ಜೀವನಪೂರ್ತಿ ಕೇಳ್ತಾ ಇದ್ದುಬಿಡ್ತೀನಿ.'"

ಅವನು ಪಕ್ಕದ ಕುರ್ಚಿಯನ್ನು ಅವಳೆದುರಿಗೆ ಎಳೆದ.

"ಹಾಗಾದ್ರೆ... ಕೂತ್ಕೊಳ್ಲಾ?"