ಎರಡನೇ ಕೊಟ್ಟಿಗೆಯ ಉಣ್ಣೆ

ಹದಿನೆಂಟು ವರ್ಷ ಬೆನ್ನಿಗೆ ಔಷಧಿ ಪಂಪು ಕಟ್ಟಿಕೊಂಡು ದನಗಳ ಮೈಮೇಲಿನ ಉಣ್ಣೆ ಕೊಂದವನಿಗೆ ಎರಡನೇ ಕೊಟ್ಟಿಗೆಯ ಉಸ್ತುವಾರಿ ಸಿಗಲಿಲ್ಲ. ಅದು ಸಿಕ್ಕಿದ್ದು ಮೂರು ತಿಂಗಳ ತರಬೇತಿ ಮುಗಿಸಿ ಬಂದ ಅವನ ಭಾಮೈದನಿಗೆ. ತಳಿ ಕೇಂದ್ರದಲ್ಲಿ ಎಲ್ಲರೂ ಪಂಪಣ್ಣ ಎಂದೇ ಕರೆಯುತ್ತಿದ್ದ ಈ ಮನುಷ್ಯ ಸುದ್ದಿ ಕೇಳಿ ನಗುನಗುತ್ತಲೇ ಭಾಮೈದನ ಬೆನ್ನು ತಟ್ಟಿದ. ಮನೆಗೆ ಬಂದು ಹೆಂಡತಿಯ ಮೇಲೆ ಹರಿಹಾಯ್ದ.

"ನಿನ್ನ ತಮ್ಮನಿಗೆ ಪಂಪು ಹಿಡಿಯೋದು ಹೇಳಿಕೊಟ್ಟಿದ್ದೇ ನಾನು. ಈಗ ಅವನು ಹೇಳ್ತಾನೆ, ನಾನು ಕೇಳಬೇಕಾ?"

"ಅವನೇನು ಕೇಳಿ ಇಸ್ಕೊಂಡನಾ? ಡಾಕ್ಟರಮ್ಮ ಕೊಟ್ಟರು," ಎಂದಳು ಹೆಂಡತಿ, ಬಟ್ಟೆ ಮಡಚುತ್ತಾ. "ಹೊಟ್ಟೆಕಿಚ್ಚಿಗೂ ಒಂದು ಔಷಧಿ ಇದ್ದಿದ್ದರೆ ಮೊದಲು ನಿಮಗೇ ಹೊಡೀತಿದ್ದೆ."

ಅಂದಿನಿಂದ ಪಂಪಣ್ಣ ಮನೆಯಲ್ಲಿ ಮಾತು ಬಿಟ್ಟು ಯೋಚನೆಗೆ ಕೂತ.

ಎರಡನೇ ಕೊಟ್ಟಿಗೆಯಲ್ಲಿ ಇಪ್ಪತ್ತನಾಲ್ಕು ಹಸುಗಳಿದ್ದವು, ಎಲ್ಲವೂ ಕರುವಾಗಿದ್ದಾಗಿನಿಂದ ಒಂದೇ ಒಂದು ಉಣ್ಣೆ ಕಚ್ಚಿಸಿಕೊಳ್ಳದೆ ಬೆಳೆದವು. ಅಂಥ ಹಸುವಿಗೆ ಉಣ್ಣೆ ಜ್ವರ ಬಂದರೆ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ. ಕಾಫಿ ಬಣ್ಣದ ಗಂಜಲ ಹೊಯ್ದು ನಾಲ್ಕೇ ದಿನಕ್ಕೆ ಕಾಲು ಚಾಚುತ್ತದೆ. ಅದಕ್ಕೇ ಹೊರಗಿನ ದನ ಒಳಗೆ ಬರುವಂತಿಲ್ಲ, ಹೊರಗಿನ ಚಪ್ಪಲಿ ಬಾಗಿಲು ದಾಟುವಂತಿಲ್ಲ. ಜ್ವರ ಬಂದರೆ ಕೊಟ್ಟಿಗೆಯ ಹೊಣೆ ಹೊತ್ತವನ ಕೆಲಸ ಹೋಗುತ್ತದೆ, ಮೇಲೊಂದು ಪೊಲೀಸ್ ಕೇಸು. ಕೇಂದ್ರದ ಮುಖ್ಯಸ್ಥೆ ಡಾಕ್ಟರಮ್ಮ ಇದನ್ನು ದಪ್ಪಕ್ಷರದಲ್ಲಿ ಬರೆಸಿ ಗೋಡೆಗೆ ಅಂಟಿಸಿದ್ದರು. ಪಂಪಣ್ಣ ಆ ಹಾಳೆಯನ್ನು ದಿನಕ್ಕೆರಡು ಸಲ ಓದಿ ಸುಖಪಡುತ್ತಿದ್ದ.

ಊರಾಚೆಯ ಒಬ್ಬ ದನದ ವ್ಯಾಪಾರಿಯ ಹಟ್ಟಿಗೆ ಅವನು ರಜೆಯ ದಿನ ಔಷಧಿ ಹೊಡೆಯಲು ಹೋಗುತ್ತಿದ್ದ. ಆ ವ್ಯಾಪಾರಿ ಸಿಕ್ಕಿದ ಔಷಧಿಯನ್ನೆಲ್ಲ ಅರೆಬರೆ ಬಳಿದು ಬಳಿದು, ಅಲ್ಲಿನ ಉಣ್ಣೆಗಳು ಈಗ ಯಾವುದಕ್ಕೂ ಬಗ್ಗದಷ್ಟು ಭಂಡ ಬಿದ್ದಿದ್ದವು. ಅಲ್ಲೊಂದು ಹಸು ಜ್ವರದಲ್ಲಿ ಮಲಗಿತ್ತು. ಪಂಪಣ್ಣ ಚಿಮಟ ಹಿಡಿದು ಅದರ ಕತ್ತಿನಡಿಯ ಗಂಗೆದೊಗಲು, ಕೆಚ್ಚಲ ಸಂದಿಯನ್ನೆಲ್ಲ ನಿಧಾನವಾಗಿ ಹುಡುಕಿದ. ಸಣ್ಣವನ್ನು ಮುಟ್ಟಲಿಲ್ಲ. ಹರಳು ಬೀಜದಷ್ಟು ಊದಿಕೊಂಡಿದ್ದ ನಲವತ್ತನ್ನು ಮಾತ್ರ ಆರಿಸಿ, ಮುಚ್ಚಳಕ್ಕೆ ತೂತು ಹೊಡೆದ ಶೀಶೆಗೆ ಹಾಕಿಕೊಂಡ. ಹೆಚ್ಚು ರಕ್ತ ಕುಡಿದದ್ದರಲ್ಲಿ ಹೆಚ್ಚು ರೋಗ. ಇದಕ್ಕೆ ತರಬೇತಿ ಬೇರೆ ಬೇಕೆ?

ಹಸುಗಳ ಮೇಲೆ ಅವನಿಗೆ ಯಾವ ದ್ವೇಷವೂ ಇರಲಿಲ್ಲ. ಭಾಮೈದ ಬೀದಿಗೆ ಬೀಳಬೇಕು, ಅಷ್ಟೇ.

ಮಧ್ಯಾಹ್ನ ಭಾಮೈದ ಊಟಕ್ಕೆ ಹೋದ ಹೊತ್ತು ನೋಡಿ ಪಂಪಣ್ಣ ಒಳಹೊಕ್ಕ. ಬಾಗಿಲಲ್ಲಿ ಕಾಲು ತೊಳೆದ, ಒಳಗಿನ ಬೂಟು ಹಾಕಿಕೊಂಡ, ನಿಯಮ ಒಂದನ್ನೂ ಮೀರಲಿಲ್ಲ. ಗೋದಲಿಗೂ ಗೋಡೆಗೂ ನಡುವಿನ ಬಿರುಕುಗಳಲ್ಲಿ ನಾಲ್ಕು ನಾಲ್ಕರಂತೆ ಉಣ್ಣೆ ಬಿಟ್ಟ. ಹಸುಗಳು ಮಲಗಿದಾಗ ಹತ್ತಿಕೊಳ್ಳುತ್ತವೆ, ಎರಡು ವಾರದೊಳಗೆ ಜ್ವರ. ಶೀಶೆಯನ್ನು ಕುದಿವ ನೀರಲ್ಲಿ ತೊಳೆದು ಚರಂಡಿಗೆಸೆದ.

ಎರಡು ವಾರ ಕಳೆಯಿತು. ಹಸುಗಳು ಮೆಲುಕು ಹಾಕುತ್ತಾ ಅವನನ್ನೇ ನೋಡಿದವು. ಮೂರನೇ ವಾರವೂ ಗಂಜಲ ಹಳದಿಯಾಗಿಯೇ ಇತ್ತು. ಇಲಿಯೋ ಕಾಗೆಯೋ ತಿಂದುಹಾಕಿರಬೇಕು ಎಂದು ಪಂಪಣ್ಣ ಹಲ್ಲು ಕಡಿದ.

ಅಷ್ಟರಲ್ಲಿ ಒಂದು ಸಂಜೆ ಭಾಮೈದನೇ ಮನೆಗೆ ಬಂದ. ಕುರ್ಚಿಯ ತುದಿಯಲ್ಲಿ ಕೂತು, ಅಕ್ಕನ ಮುಖ ನೋಡಿ ಹೇಳಿದ. "ಭಾವ, ಈ ಕೊಟ್ಟಿಗೆಯಿಂದ ಮನೇಲಿ ನೆಮ್ಮದಿ ಹಾಳಾಗ್ತಿದೆ. ನೀವೇ ನೋಡ್ಕೊಳ್ಳಿ. ನಾನು ಕರುಗಳ ಕಡೆ ಹೋಗ್ತೀನಿ ಅಂತ ಮೇಡಂಗೆ ಹೇಳಿದ್ದೀನಿ."

ಬೇರೆಯವನಾಗಿದ್ದರೆ ಕರಗುತ್ತಿದ್ದ. ಪಂಪಣ್ಣನಿಗೆ ಮೈ ಉರಿಯಿತು. ಭಿಕ್ಷೆ ಹಾಕಿದಂತೆ ಕೊಡುತ್ತಿದ್ದಾನಲ್ಲ ಇವನು. ಮರುದಿನ ಡಾಕ್ಟರಮ್ಮನ ಮೇಜಿನ ಮುಂದೆ ನಿಂತು ಪಟ್ಟು ಹಿಡಿದ. "ಒಂದೊಂದು ಹಸುವಿನ ಮೈಯನ್ನೂ ಹುಡುಕಿಸಿ ಮೇಡಂ, ರಕ್ತ ಪರೀಕ್ಷೆ ಮಾಡ್ಸಿ, ಬರವಣಿಗೇಲಿ ಕೊಡಿ. ಇವನ ಕೊಳೆ ನಾಳೆ ನನ್ನ ತಲೆಗೆ ಬರಬಾರದು." ಸತ್ತದ್ದಾದರೂ ಒಂದು ಉಣ್ಣೆ ಸಿಕ್ಕಿ ಭಾಮೈದನ ಮಾನ ಹೋಗಲಿ ಎಂಬ ಆಸೆ ಅವನದು. ಎರಡು ದಿನ ಕಿವಿ, ಬಾಲದ ಬುಡ ಎಲ್ಲ ಬಿಡಿಸಿ ನೋಡಿದರು. ಉಣ್ಣೆ ಇಲ್ಲ, ರಕ್ತದಲ್ಲಿ ರೋಗವಿಲ್ಲ. ಡಾಕ್ಟರಮ್ಮ ಹಾಗೆಂದು ಬರೆದರು. ಪಂಪಣ್ಣ ಕೆಳಗೆ ರುಜು ಹಾಕಿ ಕೊಟ್ಟಿಗೆಯ ಬೀಗದ ಕೈ ಜೇಬಿಗಿಳಿಸಿದ.

ಒಂದೂವರೆ ತಿಂಗಳು ಅವನು ರಾಜನಂತೆ ಮೆರೆದ. ಆಮೇಲೆ ಒಂದು ಬೆಳಿಗ್ಗೆ ಹಾಲು ಕರೆಯುವವಳು, "ಪಂಪಣ್ಣಾ, ಗಂಜಲ ಕೆಂಪಗಿದೆ ನೋಡಿ ಬನ್ನಿ," ಎಂದು ಕರೆದಳು. ಅವನು ಪಂಪು ಎತ್ತಿಕೊಂಡು ಓಡಿದ, ಇಡೀ ಕೊಟ್ಟಿಗೆಗೆ ಔಷಧಿ ಹೊಡೆದ, ಸಂಜೆ ಇನ್ನೊಮ್ಮೆ ಹೊಡೆದ. ಮೈಗೆ ಕಚ್ಚಿಕೊಂಡಿದ್ದ ಒಂದು ಉಣ್ಣೆಯೂ ಉದುರಲಿಲ್ಲ. ನಾಲ್ಕನೇ ದಿನಕ್ಕೆ ಮೂರು ಹಸುಗಳು ಸತ್ತವು, ಒಂಬತ್ತು ಮಲಗಿದ್ದವು.

ಡಾಕ್ಟರಮ್ಮ ಭಾಮೈದನನ್ನೂ ಕರೆಸಿದರು. ಅವನು ಗೋದಲಿಯ ಹಿಂದಿನ ಬಿರುಕನ್ನು ತಂತಿಯಿಂದ ಕೆದಕಿ, ಒಣಗಿದ ಉಣ್ಣೆ ಮೊಟ್ಟೆಯ ಸಿಪ್ಪೆಯನ್ನು ಅಂಗೈಗೆ ಬೀಳಿಸಿಕೊಂಡ. "ಹೊರಗಿನ ದನ ಬರದ ಕಡೆ ಉಣ್ಣೆ ತಾನಾಗಿ ನಡ್ಕೊಂಡು ಬರಲ್ಲ," ಎಂದರು ಡಾಕ್ಟರಮ್ಮ, ಪಂಪಣ್ಣನ ರುಜುವಿದ್ದ ಕಾಗದ ಬಿಡಿಸಿ ಹಿಡಿದು. "ಇದು ಬರೆಯುವಾಗ ಇಲ್ಲಿ ಒಂದೂ ಇರಲಿಲ್ಲ. ನಿಮ್ಮ ಕೈಗೆ ಬಂದ ಮೇಲೆ ಬಂದಿದೆ. ಪೊಲೀಸರಿಗೆ ಹೇಳಿ ಕಳ್ಸಿದ್ದೀನಿ." ಪಂಪಣ್ಣನ ಗಂಟಲಿಂದ ಒಂದೇ ಮಾತು ಹೊರಟಿತು: "ಇಷ್ಟು ದಿನ ಯಾಕೆ ಕಚ್ಚಲಿಲ್ಲ?" ಆ ಪ್ರಶ್ನೆ ಎಲ್ಲಿಂದ ಬಂತೆಂದು ಭಾಮೈದನಿಗೆ ತಿಳಿಯಲಿಲ್ಲ, ಪಾಠ ಒಪ್ಪಿಸುವವನಂತೆ ಉತ್ತರ ಕೊಟ್ಟ. "ಹೊಟ್ಟೆ ತುಂಬಿದ ಉಣ್ಣೆ ಇನ್ನೊಂದು ಹಸುವನ್ನು ಹತ್ತಲ್ಲ ಭಾವ. ಸಂದಿ ಸೇರಿ, ಎರಡು ಮೂರು ಸಾವಿರ ಮೊಟ್ಟೆ ಇಟ್ಟು ಸಾಯುತ್ತೆ. ವಾರಗಟ್ಟಲೆ ಆದ ಮೇಲೆ ಮರಿಗಳು ಹೊರಗೆ ಬರೋದು, ತಾಯಿಯ ಜ್ವರ ಹೊತ್ತುಕೊಂಡು. ಕಚ್ಚೋದು ಅವು." ಡಾಕ್ಟರಮ್ಮ ಮೆಲ್ಲಗೆ ತಲೆಯೆತ್ತಿ ಪಂಪಣ್ಣನನ್ನೇ ನೋಡಿದರು. ಲಕ್ಷಗಟ್ಟಲೆ ಉಣ್ಣೆ ಕೊಂದಿದ್ದ ಆ ಮನುಷ್ಯ, ರಕ್ತ ಕುಡಿದ ಮೇಲೆ ಅದು ಮುಂದೇನು ಮಾಡುತ್ತದೆ ಎಂದು ನೋಡುವಷ್ಟು ದಿನ ಒಂದನ್ನೂ ಬದುಕಲು ಬಿಟ್ಟಿರಲಿಲ್ಲ.